ದೇಶ ಅಳೆದ ಪ್ರೊಫೆಸರ್

ಮಷೀನ್ ಲರ್ನಿಂಗ್ ಎಲೆಕ್ಟಿವ್ ತಗೊಂಡಿರೋ ನಮ್ಮಲ್ಲಿ ಹಲವರಿಗೆ ಮಹಲನೋಬಿಸ್ ಡಿಸ್ಟೆನ್ಸ್ ಅನ್ನೋ ಹೆಸರು ಗೊತ್ತಿರುತ್ತೆ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಅದೇ ಹೆಸರಿನ ಫಂಕ್ಷನ್ನೇ ಇದೆ. ಎರಡು ವೆಕ್ಟರ್, ಒಂದು ಮ್ಯಾಟ್ರಿಕ್ಸ್ ಕೊಟ್ಟರೆ ಉತ್ತರ ಬರುತ್ತೆ, ಅಸೈನ್‌ಮೆಂಟ್ ಮುಗಿಯುತ್ತೆ. ಹೆಸರು ಕೇಳಿದರೆ ಯಾರೋ ಗ್ರೀಕ್ ಗಣಿತಜ್ಞ ಇರಬೇಕು ಅನ್ನಿಸೋದು ಸಹಜ. ಆದರೆ ಅವರು ಕಲ್ಕತ್ತಾದ ಕಾಲೇಜೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫಿಸಿಕ್ಸ್ ಪಾಠ ಮಾಡಿದ ಮೇಷ್ಟ್ರು. ಪ್ರಶಾಂತ ಚಂದ್ರ ಮಹಲನೋಬಿಸ್.

ಇವರ ಕೆಲಸದ ಪಟ್ಟಿ ಬರೆಯೋಕೆ ಕೂತರೆ ಒಬ್ಬರದ್ದೇ ಅಂತ ನಂಬೋದು ಕಷ್ಟ. ಹವಾಮಾನ, ನದಿ ಪ್ರವಾಹ, ಮನುಷ್ಯರ ದೇಹದ ಅಳತೆ, ಸೆಣಬಿನ ಬೆಳೆ, ಬರಗಾಲದ ಸಮೀಕ್ಷೆ, ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲ್, ದೇಶದ ಮೊದಲ ಕಂಪ್ಯೂಟರ್, ಪಂಚವಾರ್ಷಿಕ ಯೋಜನೆ. ಕೊನೆಗೆ ಇವರು ಕಟ್ಟಿದ ಸಂಸ್ಥೆಯಲ್ಲಿ ಒಂದು ಡೈನೋಸಾರ್ ಕೂಡ ಇದೆ! ಆದರೆ ಇಷ್ಟು ಕಡೆ ಹೋದರೂ ಅವರು ಕೇಳಿದ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. ಈ ಅಂಕಿ ನಿಮಗೆ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ತಪ್ಪಿರಬಹುದು, ಇದಕ್ಕಿಂತ ಸರಿಯಾದದ್ದು ಬೇಕು ಅಂದರೆ ಎಷ್ಟು ಖರ್ಚಾಗುತ್ತೆ? ದುಡ್ಡಿಲ್ಲದ ದೇಶದಲ್ಲಿ ವಿಜ್ಞಾನ ಮಾಡೋರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ ಅನ್ನೋದು ನಮ್ಮ ಅನಿಸಿಕೆ. ಅವರ ಬದುಕನ್ನು ಆ ದಾರಿಯಲ್ಲೇ ಹೇಳ್ತೀವಿ.

ರೈಲು ತಪ್ಪಿತು, ಹಡಗು ತಡವಾಯಿತು

ಮಹಲನೋಬಿಸ್ ಹುಟ್ಟಿದ್ದು 1893ರ ಜೂನ್ 29ರಂದು, ಕಲ್ಕತ್ತಾದ ಒಂದು ಅನುಕೂಲಸ್ಥ ಬ್ರಹ್ಮಸಮಾಜಿ ಕುಟುಂಬದಲ್ಲಿ. ರವೀಂದ್ರನಾಥ ಠಾಕೂರರ ಮನೆತನಕ್ಕೂ ಇವರ ಮನೆಗೂ ಹಳೆಯ ಒಡನಾಟ. ಓದಿದ್ದು ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಅಲ್ಲಿ ಪಾಠ ಮಾಡ್ತಿದ್ದವರು ಜಗದೀಶ ಚಂದ್ರ ಬೋಸ್ ಮತ್ತು ಪ್ರಫುಲ್ಲ ಚಂದ್ರ ರಾಯ್. ಒಂದು ವರ್ಷ ಹಿಂದಿನ ಬ್ಯಾಚಿನಲ್ಲಿ ಮೇಘನಾದ ಸಹಾ, ಅದಕ್ಕೂ ಹಿಂದೆ ಸುಭಾಷ್ ಚಂದ್ರ ಬೋಸ್. ಎಂಥಾ ಕ್ಯಾಂಪಸ್ ನೋಡಿ!

1912ರಲ್ಲಿ ಫಿಸಿಕ್ಸ್ ಆನರ್ಸ್ ಮುಗಿಸಿ ಮರುವರ್ಷ ಇಂಗ್ಲೆಂಡಿಗೆ ಹೊರಟರು. ಸೇರಬೇಕು ಅಂದುಕೊಂಡಿದ್ದು ಲಂಡನ್ ವಿಶ್ವವಿದ್ಯಾಲಯಕ್ಕೆ. ಒಂದು ದಿನ ಸುಮ್ಮನೆ ಊರು ನೋಡಿ ಬರೋಣ ಅಂತ ಕೇಂಬ್ರಿಜ್‌ಗೆ ಹೋದರು. ಕಿಂಗ್ಸ್ ಕಾಲೇಜಿನ ಚಾಪೆಲ್ ನೋಡ್ತಾ ನಿಂತು ಲಂಡನ್ನಿಗೆ ಹೋಗೋ ಕೊನೆಯ ರೈಲು ತಪ್ಪಿಸಿಕೊಂಡರು. ರಾತ್ರಿ ಸ್ನೇಹಿತರೊಬ್ಬರ ಹತ್ತಿರ ಉಳಿದರು. ಇಷ್ಟು ಇಷ್ಟವಾಗಿದ್ದರೆ ಇಲ್ಲೇ ಯಾಕೆ ಪ್ರಯತ್ನ ಮಾಡಬಾರದು ಅಂತ ಆ ಸ್ನೇಹಿತರು ಸೂಚಿಸಿದರು. ಮರುದಿನ ಹೋಗಿ ಕೇಳಿದರು, ಸೀಟು ಸಿಕ್ಕೇಬಿಟ್ಟಿತು.

ಕೇಂಬ್ರಿಜ್‌ನಲ್ಲಿ ಶ್ರೀನಿವಾಸ ರಾಮಾನುಜನ್ ಪರಿಚಯವಾಯಿತು. ಒಂದು ದಿನ ಮಹಲನೋಬಿಸ್ ಪತ್ರಿಕೆಯಲ್ಲಿ ಬಂದ ಪಜಲ್ ಒಂದನ್ನು ಓದಿ ಹೇಳಿದರು. ಬೀದಿಯಲ್ಲಿ ಒಂದರಿಂದ ಶುರುವಾಗಿ ಸಾಲಾಗಿ ಮನೆಗಳು. ಒಂದು ಮನೆಯ ಎಡಗಡೆಯ ನಂಬರುಗಳ ಮೊತ್ತ ಬಲಗಡೆಯ ನಂಬರುಗಳ ಮೊತ್ತಕ್ಕೆ ಸಮ. ಮನೆಗಳು 50ರಿಂದ 500ರೊಳಗೆ. ಆ ಮನೆ ಯಾವುದು? ಮಹಲನೋಬಿಸ್ ಅವರೇ ಸ್ವಲ್ಪ ಹೊತ್ತು ಲೆಕ್ಕ ಹಾಕಿ ಉತ್ತರ ಕಂಡುಕೊಂಡಿದ್ದರು: 288 ಮನೆಗಳು, 204ನೇ ಮನೆ. ಒಲೆ ಮುಂದೆ ತರಕಾರಿ ಕೈಯಾಡಿಸ್ತಿದ್ದ ರಾಮಾನುಜನ್ ಬಾಯಲ್ಲೇ ಒಂದು ಕಂಟಿನ್ಯೂಡ್ ಫ್ರ್ಯಾಕ್ಷನ್ ಹೇಳಿದರು. ಅದರಲ್ಲಿ ಈ ಒಂದು ಉತ್ತರ ಮಾತ್ರ ಅಲ್ಲ, ಎಷ್ಟೇ ಉದ್ದದ ಬೀದಿ ಇದ್ದರೂ ಬರಬಹುದಾದ ಉತ್ತರಗಳೆಲ್ಲ ಅಡಗಿದ್ದವು. ಇಬ್ಬರ ವ್ಯತ್ಯಾಸ ಇಲ್ಲೇ ಕಾಣುತ್ತೆ. ಮಹಲನೋಬಿಸ್ ಆ ಜಾತಿಯ ಪ್ರತಿಭೆ ಅಲ್ಲ. ಅವರ ಶಕ್ತಿ ಇದ್ದದ್ದು ಗಣಿತವನ್ನು ಕೆಸರಿಗೆ, ಹೊಲಕ್ಕೆ, ಕಚೇರಿಯ ಕಡತಕ್ಕೆ ಇಳಿಸೋದರಲ್ಲಿ.

1915ರಲ್ಲಿ ಫಿಸಿಕ್ಸ್‌ನಲ್ಲಿ ಒಳ್ಳೆಯ ದರ್ಜೆಯಲ್ಲಿ ಪಾಸಾದರು. ಕ್ಯಾವೆಂಡಿಶ್ ಲ್ಯಾಬ್‌ನಲ್ಲಿ ಕ್ಲೌಡ್ ಚೇಂಬರ್ ಖ್ಯಾತಿಯ ವಿಲ್ಸನ್ ಜೊತೆ ಸಂಶೋಧನೆ ಮಾಡೋದು ಅಂತ ತೀರ್ಮಾನವೂ ಆಯಿತು. ಅದಕ್ಕೂ ಮೊದಲು ಒಮ್ಮೆ ಊರಿಗೆ ಹೋಗಿ ಬರೋಣ ಅಂದರೆ ಮಹಾಯುದ್ಧದ ಕಾರಣ ಹಡಗು ತಡ. ಕಾಯೋ ಹೊತ್ತಿನಲ್ಲಿ ಕಾಲೇಜಿನ ಲೈಬ್ರರಿಯಲ್ಲಿ ಅಧ್ಯಾಪಕರೊಬ್ಬರು ಬಯೋಮೆಟ್ರಿಕಾ ಅನ್ನೋ ಜರ್ನಲ್ ತೋರಿಸಿದರು. ಜೀವಿಗಳ ಅಳತೆಗಳನ್ನು ಸ್ಟ್ಯಾಟಿಸ್ಟಿಕ್ಸ್ ಮೂಲಕ ನೋಡುವ ಪತ್ರಿಕೆ ಅದು. ಮಹಲನೋಬಿಸ್ ಅದರ ಸಂಪುಟಗಳನ್ನೆಲ್ಲ ಕೊಂಡು ಹಡಗು ಹತ್ತಿದರು, ದಾರಿಯುದ್ದಕ್ಕೂ ಓದಿದರು. ಕಲ್ಕತ್ತಾಗೆ ಬಂದ ಮೇಲೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ವಿಲ್ಸನ್ ಲ್ಯಾಬ್‌ಗೆ ವಾಪಸ್ ಹೋಗಲೇ ಇಲ್ಲ.

ಅವರಿಗೆ ಮೊದಲ ಲೆಕ್ಕದ ಕೆಲಸ ಒಪ್ಪಿಸಿದವರು ತತ್ವಶಾಸ್ತ್ರದ ಪಂಡಿತ ಬ್ರಜೇಂದ್ರನಾಥ ಶೀಲ್. ಕಲ್ಕತ್ತಾ ವಿಶ್ವವಿದ್ಯಾಲಯದ ಪರೀಕ್ಷಾ ಫಲಿತಾಂಶಗಳನ್ನು ವಿಶ್ಲೇಷಿಸಿ ಕೊಡಿ ಅಂತ ಕೇಳಿಕೊಂಡರು. ಇದೇ ಶೀಲ್ ಅವರು ಇಪ್ಪತ್ತರ ದಶಕದಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು.

1923ರಲ್ಲಿ ಮಹಲನೋಬಿಸ್ ನಿರ್ಮಲಕುಮಾರಿಯವರನ್ನು ಮದುವೆಯಾದರು. ಹುಡುಗಿಯ ತಂದೆಯ ಒಪ್ಪಿಗೆ ಇರಲಿಲ್ಲ. ಧಾರೆ ಎರೆದುಕೊಡೋ ಸ್ಥಾನದಲ್ಲಿ ನಿಂತವರು ಮಹಲನೋಬಿಸರ ಸೋದರಮಾವ, ಹೆಸರಾಂತ ವೈದ್ಯ ನೀಲರತನ ಸರ್ಕಾರ್. ಠಾಕೂರರಿಗೆ ಈ ದಂಪತಿ ತೀರಾ ಆಪ್ತರು. ವಿಶ್ವಭಾರತಿ ಸಂಸ್ಥೆಯ ಆಡಳಿತದ ಹೊಣೆಯನ್ನೂ ಮಹಲನೋಬಿಸ್ ಸುಮಾರು ಹತ್ತು ವರ್ಷ ಹೊತ್ತಿದ್ದರು.

ಪ್ರವಾಹದ ಲೆಕ್ಕ

ಸಿವಿಲ್ ಬ್ರಾಂಚಿನವರು ಇಲ್ಲಿ ಸ್ವಲ್ಪ ಗಮನ ಕೊಡಿ. 1922ರಲ್ಲಿ ಉತ್ತರ ಬಂಗಾಳದಲ್ಲಿ ದೊಡ್ಡ ಪ್ರವಾಹ ಬಂತು. ನೀರು ತಡೆದು ನಿಲ್ಲಿಸೋಕೆ ಭಾರೀ ಖರ್ಚಿನ ತಡೆಕೊಳಗಳನ್ನು ಕಟ್ಟಬೇಕು ಅಂತ ತಜ್ಞರ ಸಲಹೆ ಬಂತು. ಆಗ ಅಲಿಪುರದ ಹವಾಮಾನ ಕೇಂದ್ರದ ಕೆಲಸವನ್ನೂ ನೋಡಿಕೊಳ್ತಿದ್ದ ಮಹಲನೋಬಿಸ್ ಕೈಗೆ ಈ ವಿಷಯ ಬಂತು. ಅವರು ಸುಮಾರು 50 ವರ್ಷದ ಮಳೆ ಮತ್ತು ಪ್ರವಾಹದ ದಾಖಲೆಗಳನ್ನು ಎದುರಿಗಿಟ್ಟುಕೊಂಡು ಕೂತರು. ತಡೆಕೊಳಗಳಿಂದ ಪ್ರಯೋಜನ ಇಲ್ಲ, ಬಿದ್ದ ನೀರು ಬೇಗ ಹರಿದು ಹೋಗೋ ಹಾಗೆ ಮಾಡಬೇಕು ಅನ್ನೋದು ಅವರ ಲೆಕ್ಕ ತೋರಿಸಿದ ಉತ್ತರ.

1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿ ಉಕ್ಕಿತು. ನದಿಯ ತಳ ಹೂಳಿನಿಂದ ಮೇಲೆ ಬಂದಿದೆ, ಆದ್ದರಿಂದ ಎರಡೂ ಕಡೆಯ ಏರಿಗಳನ್ನು ಎತ್ತರಿಸಬೇಕು ಅಂತ ಎಂಜಿನಿಯರ್‌ಗಳ ಅಭಿಪ್ರಾಯ. ಕೇಳೋಕೆ ಸರಿ ಅನ್ನಿಸುತ್ತೆ ಅಲ್ವಾ? ಮಹಲನೋಬಿಸ್ 60 ವರ್ಷದ ಅಂಕಿಅಂಶ ತೆಗೆದು ನೋಡಿದರು. ತಳ ಮೇಲೆ ಬಂದಿರೋ ಲಕ್ಷಣವೇ ಇಲ್ಲ. ಪ್ರವಾಹಕ್ಕೆ ಕಾರಣ ನದಿಯ ಮೇಲ್ಭಾಗದಲ್ಲಿ ಬಿದ್ದ ವಿಪರೀತ ಮಳೆ. ಏರಿ ಎತ್ತರಿಸೋದರ ಬದಲು ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿ ನೀರು ಹಿಡಿದಿಡಿ, ವಿದ್ಯುತ್ತೂ ಸಿಗುತ್ತೆ ಅಂತ ಸೂಚಿಸಿದರು. ಮಹಾನದಿಯ ಬಗ್ಗೆ ಅವರು ಮಾಡಿದ ಇಂಥದ್ದೇ ಲೆಕ್ಕಗಳು ಮುಂದೆ 1957ರಲ್ಲಿ ಉದ್ಘಾಟನೆಯಾದ ಹಿರಾಕುಡ್ ಅಣೆಕಟ್ಟಿನ ಯೋಜನೆಗೆ ನೆರವಾದವು.

ಇಲ್ಲಿ ಅವರು ಯಾವುದೇ ಹೊಸ ಉಪಕರಣ ಬಳಸಲಿಲ್ಲ. ದಾಖಲೆಗಳು ಕಚೇರಿಯ ಕಪಾಟಿನಲ್ಲೇ ಇದ್ದವು. ಯಾರೂ ಅದನ್ನು ಕೂತು ಓದಿರಲಿಲ್ಲ, ಅಷ್ಟೇ.

ದೂರ ಅಂದ್ರೆ ಏನು?

1920ರಲ್ಲಿ ನಾಗಪುರದ ಸೈನ್ಸ್ ಕಾಂಗ್ರೆಸ್‌ನಲ್ಲಿ ಪ್ರಾಣಿಶಾಸ್ತ್ರ ಸರ್ವೇಕ್ಷಣ ಇಲಾಖೆಯ ನಿರ್ದೇಶಕ ನೆಲ್ಸನ್ ಅನಾಂಡೇಲ್ ಭೇಟಿಯಾದರು. ಕಲ್ಕತ್ತಾದ ಆಂಗ್ಲೋ ಇಂಡಿಯನ್ನರ ದೇಹದ ಅಳತೆಗಳನ್ನು ಅವರು ಸಂಗ್ರಹಿಸಿದ್ದರು. ಅದನ್ನು ವಿಶ್ಲೇಷಿಸಿ ಮಹಲನೋಬಿಸ್ 1922ರಲ್ಲಿ ಮೊದಲ ಸ್ಟ್ಯಾಟಿಸ್ಟಿಕ್ಸ್ ಪ್ರಬಂಧ ಬರೆದರು. ಎರಡು ಜನಸಮೂಹಗಳು ಒಂದಕ್ಕೊಂದು ಎಷ್ಟು ಹತ್ತಿರ ಅನ್ನೋ ಪ್ರಶ್ನೆ ಅಲ್ಲಿಂದ ತಲೆ ಹೊಕ್ಕಿತು. ಅದರ ಪೂರ್ಣ ರೂಪ ಬಂದದ್ದು 1936ರಲ್ಲಿ. ಅದೇ ನಮ್ಮ ಸಿಲಬಸ್‌ನ ಮಹಲನೋಬಿಸ್ ಡಿಸ್ಟೆನ್ಸ್.

ಒಂದು ಉದಾಹರಣೆ ತಗೊಳ್ಳೋಣ. ಒಂದು ಮೋಟರಿನ ಬೇರಿಂಗ್‌ನ ತಾಪಮಾನ ಮತ್ತು ಕಂಪನ ಎರಡನ್ನೂ ಅಳೀತಾ ಇದ್ದೇವೆ ಅಂದುಕೊಳ್ಳಿ. ಸಾಮಾನ್ಯವಾಗಿ ಬಿಸಿ ಏರಿದರೆ ಕಂಪನವೂ ಏರುತ್ತೆ. ಒಂದು ದಿನ ತಾಪಮಾನ ಮಿತಿಯೊಳಗೇ ಇದೆ, ಆದರೆ ಮೇಲ್ಗಡೆ. ಕಂಪನವೂ ಮಿತಿಯೊಳಗೇ ಇದೆ, ಆದರೆ ಕೆಳಗಡೆ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಓಕೆ. ಒಟ್ಟಿಗೆ ನೋಡಿದರೆ ಏನೋ ಎಡವಟ್ಟಾಗಿದೆ. ಸ್ಕೇಲ್ ಇಟ್ಟು ಅಳೆಯುವ ಮಾಮೂಲಿ ದೂರಕ್ಕೆ ಇದು ಗೊತ್ತಾಗಲ್ಲ. ಮಹಲನೋಬಿಸ್ ದೂರ ಪ್ರತಿ ಅಳತೆಯ ಏರಿಳಿತವನ್ನೂ, ಒಂದು ಅಳತೆಗೂ ಇನ್ನೊಂದಕ್ಕೂ ಇರೋ ಸಂಬಂಧವನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ಸೂತ್ರದಲ್ಲಿ ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನ ಇನ್ವರ್ಸ್ ಬರೋದು ಇದಕ್ಕೇ.

ಒಂದು ಮಾತು ಹೇಳಲೇಬೇಕು. ಮೂಗು, ತಲೆಬುರುಡೆ ಅಳೆದು ಜನಾಂಗ, ಜಾತಿ ಗುರುತಿಸೋ ಆ ಕಾಲದ ಅಧ್ಯಯನವನ್ನು ಇವತ್ತು ಯಾರೂ ಒಪ್ಪೋದಿಲ್ಲ. ಒಪ್ಪಬಾರದು ಕೂಡ. ಅದು ಬಿದ್ದುಹೋಯಿತು, ಅದರಿಂದ ಹುಟ್ಟಿದ ಗಣಿತ ಉಳಿಯಿತು.

ಒಂದು ಕೋಣೆ, ಇನ್ನೂರ ಚಿಲ್ಲರೆ ರೂಪಾಯಿ

ಪ್ರೆಸಿಡೆನ್ಸಿ ಕಾಲೇಜಿನ ಫಿಸಿಕ್ಸ್ ವಿಭಾಗದಲ್ಲಿ ಮಹಲನೋಬಿಸ್ ಅವರ ಕೋಣೆಯೇ ಸ್ಟ್ಯಾಟಿಸ್ಟಿಕಲ್ ಲ್ಯಾಬೊರೇಟರಿ ಆಯಿತು. 1931ರ ಡಿಸೆಂಬರ್‌ನಲ್ಲಿ ಸಭೆ ಸೇರಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸ್ಥಾಪಿಸೋ ತೀರ್ಮಾನ ಮಾಡಿದರು, 1932ರಲ್ಲಿ ನೋಂದಣಿ ಆಯಿತು. ನಾವೆಲ್ಲ ಐಎಸ್‌ಐ ಅಂತ ಕರೆಯೋ ಸಂಸ್ಥೆ. ಮೊದಲ ವರ್ಷದ ಖರ್ಚು 250 ರೂಪಾಯಿಗೂ ಕಡಿಮೆ. ನಮ್ಮ ಫೆಸ್ಟಿನ ಬ್ಯಾನರ್ ಖರ್ಚು ಅದಕ್ಕಿಂತ ಜಾಸ್ತಿ! ಆ ಕಾಲದ ರೂಪಾಯಿಗೆ ಬೆಲೆ ಬೇರೆ ಇತ್ತು ಅನ್ನೋದು ನಿಜ. ಆದರೂ ಒಂದು ಸಂಶೋಧನಾ ಸಂಸ್ಥೆಗೆ ಅದು ಏನೂ ಅಲ್ಲ. 1933ರಲ್ಲಿ ಸಂಖ್ಯಾ ಅನ್ನೋ ಜರ್ನಲ್ ಶುರು ಮಾಡಿದರು. ಅದು ಇವತ್ತಿಗೂ ನಡೀತಾ ಇದೆ.

ಜನರನ್ನು ಆರಿಸೋದರಲ್ಲಿ ಅವರ ಕಣ್ಣು ಚುರುಕು. ಆರ್.ಸಿ. ಬೋಸ್, ಎಸ್.ಎನ್. ರಾಯ್ ಇಬ್ಬರೂ ಗಣಿತದಿಂದ ಬಂದವರು. 1941ರಲ್ಲಿ ಬಂದು ಸೇರಿದ ಒಬ್ಬ ಹುಡುಗನ ಬಗ್ಗೆ ನಾವು ಹೆಮ್ಮೆಯಿಂದ ಹೇಳಬೇಕು. ಹೆಸರು ಸಿ.ಆರ್. ರಾವ್. ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ. ಕಲ್ಕತ್ತಾಗೆ ಬಂದಿದ್ದು ಸೇನೆಗೆ ಸಂಬಂಧಪಟ್ಟ ಕೆಲಸವೊಂದರ ಸಂದರ್ಶನಕ್ಕೆ. ಅದು ಸಿಗಲಿಲ್ಲ. ಉಳಿದುಕೊಂಡಿದ್ದ ಜಾಗದಲ್ಲಿ ಐಎಸ್‌ಐ ತರಬೇತಿಗೆ ಬಂದವರೊಬ್ಬರ ಪರಿಚಯವಾಗಿ ಅಲ್ಲಿಗೆ ಹೋದರು. ನಾಲ್ಕೇ ವರ್ಷದಲ್ಲಿ, 1945ರಲ್ಲಿ, ಕ್ರಾಮೆರ್–ರಾವ್ ಮಿತಿ ಮತ್ತು ರಾವ್–ಬ್ಲ್ಯಾಕ್‌ವೆಲ್ ಪ್ರಮೇಯ ಎರಡಕ್ಕೂ ಬುನಾದಿಯಾದ ಪ್ರಬಂಧ ಬರೆದರು. ಯುದ್ಧ ಮುಗಿದ ಮೇಲೆ ಮಹಲನೋಬಿಸ್ ಅವರನ್ನು ಕೇಂಬ್ರಿಜ್‌ಗೆ ಕಳಿಸಿದರು. ಅಲ್ಲಿನ ಮ್ಯೂಸಿಯಂನಲ್ಲಿ ಸೂಡಾನ್‌ನಿಂದ ತಂದ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ಇದೇ ದೂರದ ವಿಧಾನದಲ್ಲಿ ವಿಶ್ಲೇಷಿಸಬೇಕಿತ್ತು. ಭಾರತದಲ್ಲಿ ಹುಟ್ಟಿದ ವಿಧಾನ ಕಲಿತವರನ್ನು ಕೇಂಬ್ರಿಜ್ ಕರೆಸಿಕೊಂಡಿತು ಅನ್ನೋದನ್ನು ಗಮನಿಸಿ.

ಸೆಣಬಿನ ಹೊಲದಲ್ಲಿ

ಮಹಲನೋಬಿಸ್ ಅವರ ಅತಿ ದೊಡ್ಡ ಕೆಲಸ ಯಾವುದು ಅಂದರೆ ನಾವು ಬೆಳೆ ಸಮೀಕ್ಷೆಯನ್ನೇ ಹೇಳ್ತೀವಿ. ಬಂಗಾಳದ ಮುಖ್ಯ ವಾಣಿಜ್ಯ ಬೆಳೆ ಸೆಣಬು. ಈ ವರ್ಷ ಎಷ್ಟು ಎಕರೆ ಬಿತ್ತಿದ್ದಾರೆ, ಎಷ್ಟು ಬೆಳೆ ಬರುತ್ತೆ ಅನ್ನೋದರ ಮೇಲೆ ಬೆಲೆ ನಿಲ್ಲುತ್ತೆ. ಬೆಳೆ ಜಾಸ್ತಿ ಅಂತ ಸುದ್ದಿಯಾದರೆ ಬೆಲೆ ಬಿದ್ದು ರೈತ ಮುಳುಗಿದ. ಆದರೆ ಅಂಕಿ ಎಲ್ಲಿಂದ ಬರಬೇಕು? ಮೈಸೂರು ಸೀಮೆಯಲ್ಲಿ ಹಳ್ಳಿಗೊಬ್ಬ ಶಾನುಭೋಗ ಇರ್ತಿದ್ದ, ಹೊಲದ ಲೆಕ್ಕ ಇಡ್ತಿದ್ದ. ಜಮೀನ್ದಾರಿ ಪದ್ಧತಿಯ ಬಂಗಾಳದಲ್ಲಿ ಹಳ್ಳಿ ಮಟ್ಟದಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ. ಮೇಲಿನವರು ಕೇಳಿದಾಗ ಕೆಳಗಿನವರು ಕಣ್ಣಳತೆಯಲ್ಲಿ ಹೇಳಿದ್ದೇ ಲೆಕ್ಕ.

1937ರಲ್ಲಿ ಕೆಲಸ ಶುರುವಾಯಿತು. ಪ್ರತಿ ಹೊಲ ಅಳೆಯೋದು ಅಸಾಧ್ಯ. ಹಾಗಾದರೆ ಕೆಲವನ್ನು ಚೀಟಿ ಎತ್ತಿದ ಹಾಗೆ, ಯಾರ ಇಷ್ಟಕ್ಕೂ ಬಿಡದೆ, ಆರಿಸಿ ಅಳೆಯೋಣ. ಬಿಹಾರ–ಒಡಿಶಾದಲ್ಲಿ ಹಬ್ಯಾಕ್ ಅನ್ನೋ ಅಧಿಕಾರಿ ಭತ್ತದ ಇಳುವರಿಗೆ ಇಂಥ ಪ್ರಯೋಗವನ್ನು ಇಪ್ಪತ್ತರ ದಶಕದಲ್ಲೇ ಮಾಡಿದ್ದರು. ಮಹಲನೋಬಿಸ್ ಅದನ್ನು ಒಂದು ಎಂಜಿನಿಯರಿಂಗ್ ಸಮಸ್ಯೆ ಥರ ಬಿಡಿಸಿದರು. ಎಷ್ಟು ಹೊಲ ಆರಿಸಬೇಕು, ಒಂದೊಂದು ತುಂಡು ಎಷ್ಟು ದೊಡ್ಡದಿರಬೇಕು, ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯೋಕೆ ಎಷ್ಟು ಹೊತ್ತು, ಅಳೆಯೋಕೆ ಎಷ್ಟು ಹೊತ್ತು. ಇಷ್ಟನ್ನೂ ಸಮೀಕರಣಕ್ಕೆ ತಂದು, ಇರೋ ದುಡ್ಡಿನಲ್ಲಿ ತಪ್ಪು ಅತಿ ಕಡಿಮೆ ಆಗೋ ವಿನ್ಯಾಸ ಹುಡುಕಿದರು. ಒಂದೇ ಸಲ ಇಡೀ ಪ್ರಾಂತಕ್ಕೆ ನುಗ್ಗಲಿಲ್ಲ. ಮೊದಲು ಚಿಕ್ಕ ಪ್ರದೇಶದಲ್ಲಿ ಪೈಲಟ್ ಸರ್ವೆ, ಅದರಲ್ಲಿ ಕಲಿತದ್ದನ್ನು ಮುಂದಿನ ವರ್ಷ ಇನ್ನಷ್ಟು ದೊಡ್ಡದಕ್ಕೆ. 1941ರ ಹೊತ್ತಿಗೆ ಇಡೀ ಬಂಗಾಳಕ್ಕೆ ಹಬ್ಬಿತು.

ಸೂತ್ರ ಎಷ್ಟೇ ಚೆನ್ನಾಗಿರಲಿ, ಹೊಲಕ್ಕೆ ಹೋಗೋದು ಮನುಷ್ಯರು. ಬಿಸಿಲು, ಕೆಸರು, ಮಲೇರಿಯಾ. ಹೋಗದೇ ಮರದ ಕೆಳಗೆ ಕೂತು ಫಾರಂ ತುಂಬಿದರೆ? ಇದಕ್ಕೆ ಅವರು ಕಂಡುಕೊಂಡ ಉಪಾಯ ನಮಗೆ ತುಂಬಾ ಇಷ್ಟ. ಒಂದೇ ಪ್ರದೇಶದಿಂದ ಎರಡು ಪ್ರತ್ಯೇಕ ಸ್ಯಾಂಪಲ್ ತೆಗೆದು, ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಎರಡು ತಂಡಗಳಿಗೆ ಕೊಡೋದು. ಎರಡೂ ಉತ್ತರ ಹತ್ತಿರ ಇದ್ದರೆ ಸರಿ. ದೂರ ಇದ್ದರೆ ಎಲ್ಲೋ ಯಾರೋ ಎಡವಿದ್ದಾರೆ. ತಪ್ಪು ಎಷ್ಟು ಅನ್ನೋದು ಸಮೀಕ್ಷೆಯ ಒಳಗಿಂದಲೇ ಹೊರಬರುತ್ತೆ.

ಇನ್ನೊಂದು ಸೂಕ್ಷ್ಮ. ಹೊಲದಲ್ಲಿ ಒಂದು ಚಿಕ್ಕ ತುಂಡು ಗುರುತು ಮಾಡಿ ಬೆಳೆ ಕುಯ್ದು ತೂಕ ಮಾಡ್ತಾರೆ. ಗೆರೆಯ ಮೇಲೇ ಇರೋ ಗಿಡ ಒಳಗೋ ಹೊರಗೋ? ಮನುಷ್ಯರ ಕೈ ಒಳಗೇ ಸೇರಿಸುತ್ತೆ. ತುಂಡು ಚಿಕ್ಕದಾದಷ್ಟೂ ಒಳಜಾಗಕ್ಕೆ ಹೋಲಿಸಿದರೆ ಗೆರೆ ಉದ್ದ, ಹಾಗಾಗಿ ಇಳುವರಿ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತೆ. ತುಂಡು ಎಷ್ಟು ದೊಡ್ಡದಿರಬೇಕು ಅನ್ನೋದರ ಬಗ್ಗೆ ಕೃಷಿ ಸಂಶೋಧನಾ ಪರಿಷತ್ತಿನ ಪಿ.ವಿ. ಸುಖಾತ್ಮೆ ಅವರಿಗೂ ಮಹಲನೋಬಿಸ್ ಅವರಿಗೂ ವರ್ಷಗಟ್ಟಲೆ ವಾದ ನಡೆಯಿತು. ಬರೀ ಪಂಡಿತರ ಜಗಳ ಅಂದುಕೊಳ್ಳಬೇಡಿ. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಬೆಳೆ ವಿಮೆ ಪರಿಹಾರ ನಿರ್ಧಾರ ಆಗೋದು ಬೆಳೆ ಕಟಾವು ಪ್ರಯೋಗದಲ್ಲಿ ಸಿಕ್ಕ ಇಳುವರಿಯ ಮೇಲೆ. ಗೆರೆ ಮೇಲಿನ ನಾಲ್ಕು ಗಿಡ ಒಳಗೆ ಸೇರಿದರೆ ಇಳುವರಿ ಚೆನ್ನಾಗಿದೆ ಅಂತಾಗಿ ಪರಿಹಾರ ತಪ್ಪಬಹುದು.

ಫಲಿತಾಂಶ ಏನಾಯಿತು? ಹೊಲ ಹೊಲ ಎಣಿಸೋ ಸರ್ಕಾರಿ ಗಣತಿಗೆ ಆಗ್ತಿದ್ದ ಖರ್ಚಿನ ಸುಮಾರು ಹತ್ತನೇ ಒಂದು ಭಾಗದಲ್ಲಿ ಸ್ಯಾಂಪಲ್ ಸಮೀಕ್ಷೆ ಮುಗಿಯಿತು. ಮಾರುಕಟ್ಟೆಗೆ ನಿಜವಾಗಿ ಬಂದ ಸೆಣಬಿನ ಲೆಕ್ಕಕ್ಕೆ ಹತ್ತಿರ ಇದ್ದದ್ದು ಪೂರ್ತಿ ಎಣಿಕೆ ಅಲ್ಲ, ಸ್ಯಾಂಪಲ್. ಸಾವಿರಾರು ಜನ ಅರೆಮನಸ್ಸಿನಲ್ಲಿ ಎಲ್ಲವನ್ನೂ ಎಣಿಸೋದಕ್ಕಿಂತ, ತರಬೇತಿ ಪಡೆದ ಕೆಲವರು ಸ್ವಲ್ಪವನ್ನೇ ಸರಿಯಾಗಿ ಅಳೆಯೋದು ಮೇಲು.

ಹಸಿವಿನಿಂದ ದೇಶದವರೆಗೆ

1943ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮ. ಲಕ್ಷಾಂತರ ಜನ ಸತ್ತರು. ಕ್ಷಾಮ ಕಳೆದ ಮೇಲೆ ಐಎಸ್‌ಐ ತಂಡ ಹಳ್ಳಿಗಳಿಗೆ ಹೋಗಿ ಸ್ಯಾಂಪಲ್ ಸಮೀಕ್ಷೆ ಮಾಡಿತು. ಯಾರು ಭೂಮಿ ಮಾರಿಕೊಂಡರು, ಯಾರು ಎತ್ತು ಕಳೆದುಕೊಂಡರು, ಯಾರು ಭಿಕ್ಷೆಗೆ ಇಳಿದರು? ಹೆಚ್ಚು ಹೊಡೆತ ತಿಂದವರು ಕೃಷಿ ಕೂಲಿಗಳು, ಮೀನುಗಾರರು, ಹಳ್ಳಿಯ ಕುಶಲಕರ್ಮಿಗಳು ಅನ್ನೋದು ಅದರಲ್ಲಿ ಕಂಡಿತು. ಅದರ ವರದಿ 1946ರಲ್ಲಿ ಸಂಖ್ಯಾದಲ್ಲಿ ಬಂತು.

ಸ್ವಾತಂತ್ರ್ಯ ಬಂದಾಗ ಸರ್ಕಾರಕ್ಕೆ ತನ್ನ ಪ್ರಜೆಗಳು ಏನು ತಿಂತಾರೆ, ಎಷ್ಟು ಸಂಪಾದಿಸ್ತಾರೆ ಅನ್ನೋದೇ ಸರಿಯಾಗಿ ಗೊತ್ತಿರಲಿಲ್ಲ. 1949ರಲ್ಲಿ ರಾಷ್ಟ್ರೀಯ ಆದಾಯ ಸಮಿತಿ ರಚನೆಯಾಯಿತು. ಮಹಲನೋಬಿಸ್ ಅಧ್ಯಕ್ಷರು, ಜೊತೆಗೆ ಡಿ.ಆರ್. ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್. ಬೆಂಗಳೂರಿನ ಐಸೆಕ್ ಸಂಸ್ಥೆ ಕಟ್ಟಿದ ರಾವ್ ಇವರೇ. ಲೆಕ್ಕ ಹಾಕೋಕೆ ಕೂತಾಗ ಎಲ್ಲಾ ಕಡೆ ತೂತು. ಆ ತೂತು ಮುಚ್ಚೋಕೆ 1950ರಲ್ಲಿ ನ್ಯಾಷನಲ್ ಸ್ಯಾಂಪಲ್ ಸರ್ವೆ ಶುರುವಾಯಿತು. ಲಕ್ಷಗಟ್ಟಲೆ ಹಳ್ಳಿಗಳಿರೋ ದೇಶದಿಂದ ಮೊದಲ ಸುತ್ತಿಗೆ ಸುಮಾರು 1,800 ಹಳ್ಳಿಗಳನ್ನು ಆರಿಸಿದರು. ಅಷ್ಟು ದೊಡ್ಡ ಮಟ್ಟದಲ್ಲಿ ಜನರ ಬದುಕನ್ನು ಸ್ಯಾಂಪಲ್ ಮೂಲಕ ನಿರಂತರವಾಗಿ ಅಳೆಯೋ ಕೆಲಸಕ್ಕೆ ಪ್ರಪಂಚದಲ್ಲೇ ಹೆಚ್ಚು ಮಾದರಿಗಳಿರಲಿಲ್ಲ. ಬಡತನ, ನಿರುದ್ಯೋಗದ ಬಗ್ಗೆ ಟಿವಿಯಲ್ಲಿ ನಡೆಯೋ ಚರ್ಚೆಗಳ ಹಿಂದಿನ ಅಂಕಿಗಳ ಬೇರು ಇಲ್ಲಿದೆ.

ಕಂಪ್ಯೂಟರ್, ಟಗುಚಿ, ಡೈನೋಸಾರ್

ಇಷ್ಟು ಡೇಟಾ ಬಂದರೆ ಲೆಕ್ಕ ಮಾಡೋರು ಯಾರು? ಮೊದಮೊದಲು ಐಎಸ್‌ಐನಲ್ಲಿ ಕಂಪ್ಯೂಟರ್ ಅಂದರೆ ಕೈಯಲ್ಲಿ ತಿರುಗಿಸೋ ಲೆಕ್ಕದ ಯಂತ್ರದ ಮುಂದೆ ಕೂತ ಮನುಷ್ಯರು. 1953ರಲ್ಲಿ ಸಮರೇಂದ್ರ ಕುಮಾರ್ ಮಿತ್ರಾ ಮತ್ತು ಸಂಗಡಿಗರು ಅಲ್ಲೇ ಒಂದು ಪುಟ್ಟ ಅನಲಾಗ್ ಕಂಪ್ಯೂಟರ್ ಕಟ್ಟಿದರು. 1955ರ ಕೊನೆಯ ಹೊತ್ತಿಗೆ ಇಂಗ್ಲೆಂಡಿನಿಂದ ಎಚ್‌ಇಸಿ–2ಎಂ ಬಂತು. ಭಾರತಕ್ಕೆ ಬಂದ ಮೊದಲ ಡಿಜಿಟಲ್ ಕಂಪ್ಯೂಟರ್ ಅದು. ಡ್ರಮ್ ಮೆಮೊರಿ, 1024 ವರ್ಡ್. ಕೆಲವೇ ವರ್ಷಗಳಲ್ಲಿ ಸೋವಿಯತ್ ಒಕ್ಕೂಟದಿಂದ ಉರಾಲ್ ಬಂತು. 1966ರಲ್ಲಿ ಜಾದವ್‌ಪುರ ವಿಶ್ವವಿದ್ಯಾಲಯದ ಜೊತೆ ಸೇರಿ ಐಎಸ್‌ಐಜೆಯು–1 ಅನ್ನೋ ಕಂಪ್ಯೂಟರನ್ನು ಇಲ್ಲೇ ತಯಾರಿಸಿದರು.

ಮೆಕ್ಯಾನಿಕಲ್, ಐಪಿ ಬ್ರಾಂಚಿನವರಿಗೂ ಇಲ್ಲಿ ಪಾಲಿದೆ. ಕಂಟ್ರೋಲ್ ಚಾರ್ಟ್ ಕಂಡುಹಿಡಿದ ಶ್ಯೂಹಾರ್ಟ್ ಅವರನ್ನು ಮಹಲನೋಬಿಸ್ ಭಾರತಕ್ಕೆ ಕರೆಸಿದರು. ಐವತ್ತರ ದಶಕದಲ್ಲಿ ಕಾರ್ಖಾನೆಗಳಿಗೆ ನೆರವಾಗೋಕೆ ಸ್ಟ್ಯಾಟಿಸ್ಟಿಕಲ್ ಕ್ವಾಲಿಟಿ ಕಂಟ್ರೋಲ್ ಘಟಕಗಳು ಶುರುವಾದವು, ಬೆಂಗಳೂರಿನಲ್ಲೂ ಒಂದು. ಅದೇ ದಶಕದಲ್ಲಿ ಜಪಾನಿನಿಂದ ಗೆನಿಚಿ ಟಗುಚಿ ಅತಿಥಿ ಪ್ರಾಧ್ಯಾಪಕರಾಗಿ ಬಂದಿದ್ದರು. ನಾವು ಓದೋ ಟಗುಚಿ ಮೆಥಡ್‌ನ ಆರ್ಥಾಗನಲ್ ಅರೇಗಳ ಸಿದ್ಧಾಂತ ಕಟ್ಟಿದ್ದು ಹಡಗಲಿಯಲ್ಲಿ ಹುಟ್ಟಿದ ಅದೇ ಸಿ.ಆರ್. ರಾವ್.

ಡೈನೋಸಾರ್ ಕಥೆ ಇದು. ಯಾವ ವಿಜ್ಞಾನಕ್ಕೂ ಅಳತೆ ಬೇಕು, ಹಾಗಾಗಿ ಎಲ್ಲಾ ವಿಜ್ಞಾನಗಳೂ ಸ್ಟ್ಯಾಟಿಸ್ಟಿಕ್ಸ್ ಜೊತೆ ಒಂದೇ ಸೂರಿನಡಿ ಇರಬೇಕು ಅನ್ನೋದು ಮಹಲನೋಬಿಸ್ ನಂಬಿಕೆ. ಭೂವಿಜ್ಞಾನದ ಘಟಕ ಕಟ್ಟೋಕೆ ಲಂಡನ್ನಿನಿಂದ ಪಮೇಲಾ ರಾಬಿನ್ಸನ್ ಬಂದರು. ಆ ತಂಡಕ್ಕೆ ಗೋದಾವರಿ ಕಣಿವೆಯಲ್ಲಿ ದೊಡ್ಡ ಡೈನೋಸಾರ್‌ನ ಮೂಳೆಗಳು ಸಿಕ್ಕವು. ಠಾಕೂರರ ಜನ್ಮಶತಮಾನೋತ್ಸವದ ನೆನಪಿಗೆ ಬರಾಪಾಸಾರಸ್ ಟಾಗೋರೈ ಅಂತ ಹೆಸರಿಟ್ಟರು. ಬರಾ ಪಾ ಅಂದರೆ ದೊಡ್ಡ ಕಾಲು. ಅದರ ಅಸ್ಥಿಪಂಜರ ಇವತ್ತಿಗೂ ಕೋಲ್ಕತಾದ ಐಎಸ್‌ಐನಲ್ಲಿ ನಿಂತಿದೆ.

ಯೋಜನೆಯ ಲೆಕ್ಕ

ಇಲ್ಲಿಯವರೆಗೆ ಬರೀ ಹೊಗಳಿಕೆ ಆಯಿತು. ಇನ್ನೊಂದು ಮುಖವನ್ನೂ ನೋಡಬೇಕು.

1956ರಿಂದ 1961ರವರೆಗಿನ ಎರಡನೇ ಪಂಚವಾರ್ಷಿಕ ಯೋಜನೆಯ ಹಿಂದಿನ ಗಣಿತ ಮಹಲನೋಬಿಸ್ ಅವರದ್ದು. ಅವರ ತರ್ಕ ಸರಳ. ಬಟ್ಟೆ ಬೇಕು ಅಂತ ಬಟ್ಟೆ ಗಿರಣಿಗೇ ದುಡ್ಡೆಲ್ಲ ಹಾಕಿದರೆ ಬಟ್ಟೆ ಬೇಗ ಸಿಗುತ್ತೆ. ಆದರೆ ಮುಂದೆ ಗಿರಣಿ ಕಟ್ಟೋಕೆ ಯಂತ್ರಕ್ಕಾಗಿ ಹೊರಗಿನವರ ಕೈ ಕಾಯಬೇಕು. ಮೊದಲೇ ಉಕ್ಕು, ಯಂತ್ರ ಮಾಡೋ ಯಂತ್ರ ಇವುಗಳಿಗೆ ಹಾಕಿದರೆ ಆರಂಭ ನಿಧಾನ, ಆಮೇಲೆ ವೇಗ. ಭಿಲಾಯಿ, ರೂರ್ಕೆಲಾ, ದುರ್ಗಾಪುರದ ಉಕ್ಕಿನ ಕಾರ್ಖಾನೆಗಳು ಆ ಕಾಲದವು.

ವಿರೋಧವೂ ಇತ್ತು. ಕರಾವಳಿ ಮೂಲದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ 1955ರಲ್ಲೇ ಲಿಖಿತವಾಗಿ ಭಿನ್ನಮತ ದಾಖಲಿಸಿದರು. ದೇಶದಲ್ಲಿ ಅಷ್ಟು ಉಳಿತಾಯವೇ ಇಲ್ಲ, ನೋಟು ಅಚ್ಚು ಹಾಕಿ ಯೋಜನೆ ನಡೆಸಿದರೆ ಬೆಲೆ ಏರುತ್ತೆ ಅನ್ನೋದು ಅವರ ವಾದ. ಯೋಜನೆ ಶುರುವಾದ ಸ್ವಲ್ಪ ಸಮಯದಲ್ಲೇ ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು. ಕೃಷಿಗೆ ಕೊಟ್ಟ ಗಮನ ಸಾಲಲಿಲ್ಲ ಅನ್ನೋದು ಅರವತ್ತರ ದಶಕದ ಆಹಾರದ ಕೊರತೆಯಲ್ಲಿ ಗೊತ್ತಾಯಿತು. ಭಾರೀ ಕೈಗಾರಿಕೆಯ ಬುನಾದಿ ಅವರಿಂದಲೇ ಬಂತು ಅನ್ನೋರೂ ಇದ್ದಾರೆ. ಆ ಚರ್ಚೆ ಇನ್ನೂ ಮುಗಿದಿಲ್ಲ.

ನಮಗೆ ಕಾಣೋದು ಇಷ್ಟು. ಒಂದು ಸೆಣಬಿನ ಹೊಲ ಅಳೆಯೋಕೆ ಎರಡು ತಂಡ ಕಳಿಸಿ ತಾಳೆ ನೋಡಿದ ಮನುಷ್ಯ, ದೇಶದ ಯೋಜನೆಯ ವಿಷಯದಲ್ಲಿ ಅಷ್ಟೇ ಕಟ್ಟುನಿಟ್ಟಾಗಿ ತಾಳೆ ನೋಡಲಿಲ್ಲ. ಶೆಣೈ ಅವರಂಥವರು ಒಂದು ಥರದಲ್ಲಿ ಆ ಎರಡನೇ ತಂಡ ಆಗಿದ್ದರು. ಎರಡು ಉತ್ತರ ಅಷ್ಟು ದೂರ ಇದ್ದಾಗ ನಿಂತು ನೋಡಬೇಕಿತ್ತು.

ಸಂಸ್ಥೆಯ ಒಳಗೂ ಅವರ ಮಾತೇ ಅಂತಿಮ. ಎಲ್ಲರೂ ಅವರನ್ನು ಕರೀತಿದ್ದದ್ದು ಬರೀ ಪ್ರೊಫೆಸರ್ ಅಂತ. ಆರ್.ಸಿ. ಬೋಸ್, ಎಸ್.ಎನ್. ರಾಯ್ ಅಮೆರಿಕಕ್ಕೆ ಹೋಗಿ ಅಲ್ಲೇ ನೆಲೆಸಿದರು. 1957ರಲ್ಲಿ ಇಂಗ್ಲೆಂಡ್ ಬಿಟ್ಟು ಐಎಸ್‌ಐ ಸೇರಿದ್ದ ಪ್ರಸಿದ್ಧ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1961ರಲ್ಲಿ ಭಿನ್ನಾಭಿಪ್ರಾಯದಿಂದ ಹೊರನಡೆದರು.

ಉಳಿದದ್ದು

1945ರಲ್ಲಿ ರಾಯಲ್ ಸೊಸೈಟಿಯ ಫೆಲೋ, 1968ರಲ್ಲಿ ಪದ್ಮವಿಭೂಷಣ. 1959ರಲ್ಲಿ ಸಂಸತ್ತು ಕಾಯ್ದೆ ಮಾಡಿ ಐಎಸ್‌ಐಗೆ ರಾಷ್ಟ್ರೀಯ ಮಹತ್ವದ ಸಂಸ್ಥೆ ಅನ್ನೋ ಸ್ಥಾನ ಕೊಟ್ಟಿತು, ಪದವಿ ಕೊಡೋ ಅಧಿಕಾರವೂ ಬಂತು. ಎಪ್ಪತ್ತರ ದಶಕದ ಆರಂಭದಲ್ಲಿ ಸ್ಯಾಂಪಲ್ ಸರ್ವೆ ಕೆಲಸವನ್ನು ಐಎಸ್‌ಐನಿಂದ ತೆಗೆದು ಸರ್ಕಾರ ತನ್ನ ಕೈಗೆ ತಗೊಂಡಿತು. 1972ರ ಜೂನ್ 28ರಂದು, 79ನೇ ಹುಟ್ಟುಹಬ್ಬಕ್ಕೆ ಒಂದು ದಿನ ಇರುವಾಗ, ಮಹಲನೋಬಿಸ್ ತೀರಿಕೊಂಡರು. ಅವರು ಹುಟ್ಟಿದ ಜೂನ್ 29ನ್ನು 2007ರಿಂದ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನ ಅಂತ ಆಚರಿಸ್ತಾರೆ.

ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಆರ್.ವಿ. ಕಾಲೇಜಿನ ಹತ್ತಿರ ಐಎಸ್‌ಐನ ಬೆಂಗಳೂರು ಕೇಂದ್ರ ಇದೆ. ಮೆಟ್ರೋದಲ್ಲಿ, ಬಸ್ಸಿನಲ್ಲಿ ಆ ಕಡೆ ಓಡಾಡೋರು ನಮ್ಮಲ್ಲಿ ಬೇಕಾದಷ್ಟು ಜನ.

ಫೈನಲ್ ಇಯರ್ ಪ್ರಾಜೆಕ್ಟಿಗೆ ಡೇಟಾಸೆಟ್ ಬೇಕು ಅಂದ ಕೂಡಲೇ ಡೌನ್‌ಲೋಡ್ ಬಟನ್ ಒತ್ತೋ ಕಾಲ ಇದು. ಒತ್ತೋದು ತಪ್ಪಲ್ಲ. ಆದರೆ ಆ ಫೈಲಿನ ಪ್ರತಿ ಸಾಲಿನ ಹಿಂದೆ ಯಾರೋ ಒಬ್ಬರು ಹೊಲಕ್ಕೋ, ಮನೆ ಬಾಗಿಲಿಗೋ, ಮಷೀನ್ ಹತ್ತಿರವೋ ಹೋಗಿ ಅಳೆದಿದ್ದಾರೆ. ಹೋದರೋ ಇಲ್ಲವೋ, ಗೆರೆ ಮೇಲಿನ ಗಿಡವನ್ನು ಒಳಗೆ ಹಾಕಿದರೋ ಹೊರಗೋ, ಎರಡನೇ ಸಲ ಯಾರಾದರೂ ಅಳೆದರೋ? ಮಾಡೆಲ್‌ನ ಅಕ್ಯುರಸಿ ಶೇಕಡಾ ಎಷ್ಟು ಅಂತ ವೈವಾದಲ್ಲಿ ಹೇಳೋಕೆ ಮುಂಚೆ ಇದನ್ನು ಕೇಳಿಕೊಂಡರೆ ಪ್ರೊಫೆಸರ್ ಹಾಕಿಕೊಟ್ಟ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟ ಹಾಗೆ.